ಮರದ ತಪ್ಪೇನೂ ಇಲ್ಲವೆಂದು ಬರೆದುಕೊಡಿ

ಆಕಾಶದಲ್ಲಿರುವ ಉಪಗ್ರಹವನ್ನು ನೆಲದ ಮೇಲಿನ ಕುರ್ಚಿಯಿಂದ ಆಳುತ್ತಿರುವ ಮಾನ್ಯ ಪ್ರಸಾರಾಧಿಕಾರಿಗಳೇ,

ತಾವು ನಮ್ಮ ದೇಶದ ವಾಹಿನಿಗಳನ್ನು ಹಳೆಯ ಉಪಗ್ರಹದಿಂದ ಇಳಿಸಿ ಹೊಸದಕ್ಕೆ ಹತ್ತಿಸಿದ ಕಾರಣ, ಪರದೇಶದ ಒಂದು ಬೀದಿಯಲ್ಲಿ ಯಾವ ಪಾಪವನ್ನೂ ಅರಿಯದ ಒಂದು ಮರ ನೆಲಕ್ಕುರುಳಿದೆ. ಅದರ ಪಕ್ಕದ ಇನ್ನೊಂದು ಮರ ಉರುಳಲು ಒಬ್ಬರ ಅಳಿಯನಿಗೆ ರಜೆ ಸಿಗುವುದೊಂದು ಬಾಕಿ. ಈ ಎರಡನೆಯ ಮರವನ್ನು ಉಳಿಸುವ ಅಧಿಕಾರ ಸದ್ಯಕ್ಕೆ ಇಡೀ ಭೂಮಂಡಲದಲ್ಲಿ ತಮ್ಮೊಬ್ಬರಿಗೇ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಖಾಸಗಿಯಾಗಿಯೂ ಬರೆದು ನೋಡಿದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ತಮ್ಮ ಕಚೇರಿಯ ಯಂತ್ರ ತಕ್ಷಣ ಉತ್ತರ ಕೊಟ್ಟಿತು. ಅಮೂಲ್ಯವಾದದ್ದನ್ನು ಯಾರು ತಾನೇ ಹೊರಗೆ ತೆಗೆದು ಬಳಸುತ್ತಾರೆ? ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುತ್ತೀರಿ. ಆದ್ದರಿಂದ ಬೀದಿಗೆ ಬಂದು ಬರೆಯುತ್ತಿದ್ದೇನೆ.

ಉಪಗ್ರಹಕ್ಕೂ ಮರಕ್ಕೂ ಎತ್ತಣ ಸಂಬಂಧ ಎಂದು ತಾವು ಹುಬ್ಬು ಏರಿಸಿರಬಹುದು. ಹುಬ್ಬನ್ನು ಅಲ್ಲೇ ಇಟ್ಟುಕೊಂಡಿರಿ, ಮುಂದೆಯೂ ಬೇಕಾಗುತ್ತದೆ.

ನಾನು ಹಲ್ಲು ಕಟ್ಟುವವನು. ಬೇರೆಯವರ ಬಾಯಿಗೆ ಬೇಕಾದ ಹಲ್ಲಿನ ಸೆಟ್ಟುಗಳನ್ನು ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಉಜ್ಜಿ, ಕೊರೆದು, ಕೂರಿಸುವುದು ನನ್ನ ಕಸುಬು. ನನ್ನ ಹೆಂಡತಿ ಒಂದು ದೊಡ್ಡ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಬಂದಿದ್ದಾಳೆ. ಅಮ್ಮನಿಗೆ ಇಲ್ಲಿನ ಭಾಷೆ ಒಂದಕ್ಷರ ಬಾರದು. ಹಾಗಾಗಿ ಅವಳು ಬರುತ್ತಾಳೆಂದು ಗೊತ್ತಾದ ದಿನ ನಾವು ಮನೆ ಹುಡುಕುವ ರೀತಿಯೇ ಬದಲಾಯಿತು. ಜನ ಮನೆ ನೋಡಲು ಹೋದರೆ ನೀರು ಹೇಗೆ, ಗಾಳಿ ಹೇಗೆ, ಬಸ್ಸು ಎಷ್ಟು ದೂರ ಎಂದು ಕೇಳುತ್ತಾರೆ. ನಾವು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಡಿಶ್ ಕೂರಿಸುವ ಬಾಲ್ಕನಿ ಯಾವ ಕಡೆ ಮುಖ ಮಾಡಿದೆ? ಹೆಂಡತಿ ಮನೆಯ ದಲ್ಲಾಳಿಗೆ ನಮಸ್ಕಾರ ಹೇಳುವ ಮೊದಲೇ ಫೋನಿನಲ್ಲಿ ದಿಕ್ಸೂಚಿ ತೆರೆದು ಸೀದಾ ಬಾಲ್ಕನಿಗೆ ನುಗ್ಗುತ್ತಿದ್ದಳು. ವಿಶಾಲವಾದ ಅಡುಗೆಮನೆ ಬಿಟ್ಟೆವು. ಹಿತ್ತಲಿದ್ದ ಮನೆ ಬಿಟ್ಟೆವು. ಬೆಳಗಿನ ಬಿಸಿಲು ಹಾಸಿಗೆಯವರೆಗೆ ಬರುತ್ತಿದ್ದ ಮನೆಯನ್ನು, ಅದು ಉಪಗ್ರಹಕ್ಕೆ ಬೆನ್ನು ಹಾಕಿದೆ ಎಂಬ ಒಂದೇ ಅಪರಾಧಕ್ಕೆ ಬಿಟ್ಟೆವು. ಕೊನೆಗೆ ಹಿಡಿದದ್ದು ಈಗಿರುವ ಮನೆ. ಕೆಳಗಡೆ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು. ಅಡುಗೆಮನೆಯಲ್ಲಿ ಒಬ್ಬರು ಫ್ರಿಜ್ ಬಾಗಿಲು ತೆಗೆದರೆ ಇನ್ನೊಬ್ಬರು ಹೊರಗೆ ಹೋಗಬೇಕು. ಮಲಗುವ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಅದರ ಮೈ ಸವರಬಹುದು. ಆದರೆ ಬಾಲ್ಕನಿ! ಉಪಗ್ರಹದ ಅಳತೆ ತೆಗೆದುಕೊಂಡು ಕಟ್ಟಿಸಿದಂತಿತ್ತು. ವಾಸ್ತು ನೋಡುವವರನ್ನು ಕಂಡು ನಗುತ್ತಿದ್ದ ನಾವು ಉಪಗ್ರಹದ ವಾಸ್ತು ನೋಡಿ ಈ ಡಬ್ಬಿಯೊಳಗೆ ಸೇರಿಕೊಂಡೆವು. ಕರಾರನ್ನು ಮೊನ್ನೆಮೊನ್ನೆ ಇನ್ನೂ ಕೆಲವು ವರ್ಷಕ್ಕೆ ಮುಂದುವರಿಸಿದೆವು. ಆ ಸಹಿ ಒಣಗಲಿ ಎಂದೇ ತಾವು ಕಾಯುತ್ತಿದ್ದಿರೇನೋ.

ಇಷ್ಟೆಲ್ಲ ಮಾಡಿದ್ದು ಒಂದು ಧಾರಾವಾಹಿಗಾಗಿ. ಆ ಧಾರಾವಾಹಿಯನ್ನು ತಾವು ನೋಡಿರಲಿಕ್ಕಿಲ್ಲ, ನೋಡಿದ್ದರೆ ನಿಲ್ಲಿಸುತ್ತಿದ್ದಿರಿ. ಅದರಲ್ಲಿ ಒಬ್ಬ ಅತ್ತೆ, ಇಬ್ಬರು ಸೊಸೆಯರು, ಮತ್ತು ಮೆಟ್ಟಿಲಿನ ಮೇಲೆ ನಿಂತು ಕದ್ದು ಕೇಳಿಸಿಕೊಳ್ಳುವ ಒಬ್ಬ ನಾದಿನಿ. ಅದನ್ನು ಅಲ್ಲಿ ನನ್ನ ಚಿಕ್ಕಮ್ಮ ನೋಡುತ್ತಾಳೆ, ಇಲ್ಲಿ ನನ್ನ ಅಮ್ಮ. ಅಲ್ಲಿ ದೀಪ ಹಚ್ಚುವ ಹೊತ್ತು, ಇಲ್ಲಿ ಊಟ ಮುಗಿದ ಮಧ್ಯಾಹ್ನ. ಫೋನಿನ ಸ್ಪೀಕರ್ ಹಾಕಿ ಟಿವಿಯ ಪಕ್ಕ ಇಟ್ಟುಕೊಂಡು ಅಕ್ಕತಂಗಿಯರಿಬ್ಬರೂ ಒಟ್ಟಿಗೆ ನೋಡುವುದು. ನಿಯಮ ಏನೆಂದರೆ, ಧಾರಾವಾಹಿ ನಡೆಯುವಾಗ ತುಟಿ ಪಿಟಕ್ಕೆನ್ನುವಂತಿಲ್ಲ. ಮಾತೆಲ್ಲ ಜಾಹೀರಾತಿನಲ್ಲಿ.

"ನೋಡಿದ್ಯೇನೇ ಅವಳ ಕೊಬ್ಬು?"

"ನೋಡ್ದೆ ಅಕ್ಕ. ನಿನ್ ಕೈಗೆ ಸಿಕ್ಕಿದ್ರೆ ಒಂದು ವಾರದಲ್ಲಿ ನೆಟ್ಟಗೆ ಮಾಡ್ತಿದ್ದೆ."

"ಮಂಡಿ ಹೇಗಿದೆ?"

"ಇದೆ, ಇದ್ದಲ್ಲೇ ಇದೆ. ಸಣ್ಣೋಳನ್ನ ಗಂಡಿನ ಕಡೆಯೋರು ನೋಡ್ಕೊಂಡು ಹೋದ್ರು, ಏನೂ ಹೇಳಿ ಕಳ್ಸಿಲ್ಲ ಇನ್ನೂ. ಸುಮ್ನಿರು, ಶುರುವಾಯ್ತು."

ಒಂದು ಸೋಪು, ಒಂದು ಹಲ್ಲಿನ ಪೇಸ್ಟು, ಒಂದು ಸಿಮೆಂಟಿನ ನಡುವೆ ಇಡೀ ಬಳಗದ ಜನನ ಮರಣ ವಿವಾಹಗಳು ಮುಗಿದುಹೋಗುತ್ತಿದ್ದವು. ಜಾಹೀರಾತು ಜಾಸ್ತಿಯಾಯಿತೆಂದು ತಮಗೆ ಸಾವಿರಾರು ದೂರು ಬಂದಿರಬಹುದು. ಜಾಹೀರಾತು ಇನ್ನೂ ಯಾಕೆ ಬರಲಿಲ್ಲ ಎಂದು ಚಡಪಡಿಸುತ್ತಿದ್ದ ಮನೆ ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು. ಧಾರಾವಾಹಿಯಿಲ್ಲದೆ ಬರೀ ಫೋನಿನಲ್ಲಿ ಮಾತಾಡಬಹುದಲ್ಲ ಎನ್ನುತ್ತೀರಾ? ಮಾತಾಡಿ ನೋಡಿದ್ದಾರೆ, ಮಾನ್ಯರೇ. ಮೂರನೆಯ ವಾಕ್ಯಕ್ಕೆ, ಅವರ ತಾಯಿಯ ಹೊಲಿಗೆ ಯಂತ್ರ ನ್ಯಾಯವಾಗಿ ಯಾರಿಗೆ ಸೇರಬೇಕಿತ್ತು ಎಂಬ ವಿಷಯ ಬರುತ್ತದೆ. ನಾಲ್ಕನೆಯ ವಾಕ್ಯಕ್ಕೆ ಫೋನು ಕಟ್ಟಾಗುತ್ತದೆ. ಇಷ್ಟು ವರ್ಷ ಅವರಿಬ್ಬರ ನಡುವೆ ಕೂತು ಪಂಚಾಯಿತಿ ಮಾಡದೆಯೇ ರಾಜಿ ಮಾಡಿಸಿದ್ದು ಆ ದರಿದ್ರ ಧಾರಾವಾಹಿ.

ಹೀಗಿರಲು ಒಂದು ಮಧ್ಯಾಹ್ನ ಟಿವಿಯಲ್ಲಿ ಅತ್ತೆ ಸೊಸೆಯ ಕೆನ್ನೆಗೆ ಬಾರಿಸಲು ಕೈ ಎತ್ತಿದಳು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಆಮೇಲೆ ಅವಳ ಮುಖ ಚೌಕ ಚೌಕವಾಗಿ ಒಡೆದು ಪರದೆ ಕಪ್ಪಾಯಿತು. ಅಮ್ಮ ನಿಯಮ ಮುರಿದು ಕೂಗಿದಳು.

"ಹೊಡೆದ್ಲೇನೇ?"

"ಹೊಡೆದೂ ಆಯ್ತು, ಅವ್ಳು ಅತ್ತೂ ಆಯ್ತು. ನೀನು ಎಲ್ಲಿದ್ದೀಯ ಅಕ್ಕ?"

ನೀನು ಎಲ್ಲಿದ್ದೀಯ! ಮಾನ್ಯರೇ, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವು. ನಾವು ಎಲ್ಲಿದ್ದೇವೆ?

ನಾವು ಡಿಶ್ ಒರೆಸಿದೆವು. ವೈರು ಅಲ್ಲಾಡಿಸಿದೆವು. ಟಿವಿಯ ಬೆನ್ನಿಗೆ ಎರಡೇಟು ಕೊಟ್ಟೆವು. ಇಲ್ಲಿರುವ ನಮ್ಮವರಿಗೆಲ್ಲ ಡಿಶ್ ಕೂರಿಸಿಕೊಡುವ ಒಬ್ಬ ಮೇಸ್ತ್ರಿ ಇದ್ದಾನೆ, ಮೂಲತಃ ನಲ್ಲಿ ರಿಪೇರಿಯವನು. ಅವನನ್ನು ಕರೆಸಿದೆವು. ಅವನು ಬಾಲ್ಕನಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಆಕಾಶಕ್ಕೆ ಹಿಡಿದು, ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ. "ಸಾರ್, ಎದುರುಗಡೆ ಮರ ಬೆಳೆದುಬಿಟ್ಟಿದೆ. ಸಿಗ್ನಲ್ ಎಲೆಗೆ ಹೊಡ್ಕೊಂಡು ವಾಪಸ್ ಹೋಗ್ತಿದೆ." ನಾವು ನಂಬಿದೆವು. ನಮ್ಮ ಡಿಶ್ ತಪ್ಪಿರಬಹುದು, ನಮ್ಮ ವೈರು ತಪ್ಪಿರಬಹುದು, ಎದುರುಮನೆಯವರ ಮರ ತಪ್ಪಿರಬಹುದು. ನಮ್ಮ ದೇಶದ ಸರ್ಕಾರಿ ಉಪಗ್ರಹ ತಪ್ಪಿರಬಹುದು ಎಂಬ ಅನುಮಾನ ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. ಕಚೇರಿಯ ಬಾಗಿಲಿಗೆ ಹೋದಾಗ ಕಾಗದ ಸರಿಯಿಲ್ಲದಿದ್ದರೆ ಅದು ನಮ್ಮದೇ ತಪ್ಪು ಎಂದು ಕಲಿತು ಬೆಳೆದ ಜನ ನಾವು. ಅಷ್ಟರಮಟ್ಟಿಗೆ ಈ ಅನಾಹುತದಲ್ಲಿ ತಮ್ಮ ಇಲಾಖೆಯ ದೀರ್ಘಕಾಲದ ಶಿಕ್ಷಣಕ್ಕೂ ಪಾಲಿದೆ.

ಆ ಮರ ಇದ್ದದ್ದು ಎದುರುಮನೆಯ ಹಿರಿಯರ ಅಂಗಳದಲ್ಲಿ. ಅವರು ಇಲ್ಲಿನ ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಕಾಗದಗಳಿಗೆ ಮೊಹರು ಒತ್ತಿ ನಿವೃತ್ತರಾದವರು. ಅಮ್ಮ ಅವರನ್ನು 'ಪೋಸ್ಟಿನವರು' ಎನ್ನುತ್ತಾಳೆ. ಅವರ ಭಾಷೆ ಅಮ್ಮನಿಗೆ ಬಾರದು, ಅಮ್ಮನದು ಅವರಿಗೆ ಬಾರದು. ಆದರೂ ದಿನಾ ಬೆಳಿಗ್ಗೆ ಅಮ್ಮ ಮೇಲೆ ಬಟ್ಟೆ ಹರವುವಾಗ, ಅವರು ಕೆಳಗೆ ತಮ್ಮ ಎರಡು ಮರಗಳಿಗೆ ನೀರು ಹಾಕುವಾಗ, ಪರಸ್ಪರ ಕೈ ಎತ್ತುವುದು ವಾಡಿಕೆ. ಮೊದಲ ಮರದ ಕೆಳಗೆ ಅವರದೊಂದು ಬೆಂಚು. ಪೇಪರ್ ಓದುವುದು, ಕನ್ನಡಕ ಒರೆಸುವುದು, ತೂಕಡಿಸುವುದು ಎಲ್ಲ ಅಲ್ಲೇ.

ಅವರನ್ನು ಹೇಗೆ ಕೇಳುವುದು, ಒಂದೆರಡು ಕೊಂಬೆ ಸವರಿಸಿ ಎಂದರೆ ತಪ್ಪು ತಿಳಿದಾರೇ ಎಂದು ನಾನು ಇಲ್ಲಿನ ಭಾಷೆಯಲ್ಲಿ ವಿನಯದ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಅಮ್ಮ ಕಾಯಲಿಲ್ಲ. ಕೆಳಗಿಳಿದು ಹೋಗಿ, ಗಾಳಿಯಲ್ಲಿ ಒಂದು ಚೌಕ ಬರೆದು, ಮರದ ಕಡೆ ಬೆರಳು ಮಾಡಿ, ಕೈ ಮುಗಿದಳಂತೆ. ಕಣ್ಣಲ್ಲಿ ನೀರೂ ಬಂತಂತೆ. ಅವರು ಮರ ನೋಡಿದರು, ಅಮ್ಮನನ್ನು ನೋಡಿದರು. ಮಾರನೆಯ ದಿನ ನಾನು ಕೆಲಸದಿಂದ ಬಂದಾಗ ನಮ್ಮ ನಡುಮನೆಯಲ್ಲಿ ಎಂದೂ ಇಲ್ಲದ ಬೆಳಕು. ಕೊಂಬೆಯಲ್ಲ ಮಾನ್ಯರೇ, ಇಡೀ ಮರವೇ ಹೋಗಿತ್ತು. ಬೆಂಚನ್ನು ಅವರು ಗೋಡೆಗೆ ಆನಿಸಿ ನಿಲ್ಲಿಸಿದ್ದರು, ನೆರಳಿಲ್ಲದ ಮೇಲೆ ಅದಕ್ಕೇನು ಕೆಲಸ.

ಟಿವಿ ಬರಲಿಲ್ಲ. ಮೇಸ್ತ್ರಿಯನ್ನು ಮತ್ತೆ ಕರೆಸಿದರೆ ಅವನು ಮತ್ತೆ ಹೆಬ್ಬೆರಳು ಹಿಡಿದು, "ಬುಡ ಇನ್ನೂ ಇದೆಯಲ್ಲ ಸಾರ್" ಎಂದ. ಹೆಂಡತಿ ಅವನಿಗೆ ಮೆಟ್ಟಿಲು ತೋರಿಸಿದಳು.

ಬೆಳಿಗ್ಗೆ ಪೋಸ್ಟಿನವರು ಕೆಳಗಿಂದ ಗಾಳಿಯಲ್ಲಿ ಚೌಕ ಬರೆದು ಹುಬ್ಬು ಹಾರಿಸಿದರು: ಬಂತಾ? ಅಮ್ಮ ಕತ್ತು ಮುರಿಯುವ ಹಾಗೆ ತಲೆಯಾಡಿಸಿದಳು. "ಬಂತು ಬಂತು! ಚೆನ್ನಾಗಿ ಬಂತು!"

"ಎಲ್ಲಮ್ಮ ಬಂತು?" ಎಂದೆ.

"ಸುಮ್ನಿರೋ ನೀನು. ಮನುಷ್ಯ ಮರ ಕಡ್ಕೊಂಡು ಬಿಸಿಲಲ್ಲಿ ನಿಂತಿದ್ದಾರೆ. ಬರ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನು ಕಟ್ಟಿಕೊಟ್ಟ ಹಲ್ಲಿರೋ ಬಾಯಲ್ಲೇ ಹೇಳ್ಲಾ?"

ತಮ್ಮ ಹೊಸ ಉಪಗ್ರಹದ ವಿಷಯ ನಮಗೆ ಗೊತ್ತಾದದ್ದು ಇದಾದ ಮೇಲೆ, ಅದೂ ಚಿಕ್ಕಮ್ಮನಿಂದ. ಫೋನಿನಲ್ಲಿ ಅಮ್ಮನಿಗೆ ಧಾರಾವಾಹಿಯ ಕಥೆ ಹೇಳುತ್ತ ಹೇಳುತ್ತ ಅವಳು ನಡುವೆ ನಿಂತಳು. "ಇರಕ್ಕ, ಕೆಳಗಡೆ ಪಟ್ಟಿಯಲ್ಲಿ ಏನೋ ಓಡ್ತಿದೆ. ವಿದೇಶದ... ವೀಕ್ಷಕರ ಗಮನಕ್ಕೆ... ಹೊಸ ಉಪಗ್ರಹಕ್ಕೆ... ಅಯ್ಯೋ ಹೋಯ್ತು. ಇರು, ಮತ್ತೆ ಬರುತ್ತೆ." ಚಿಕ್ಕಮ್ಮ ನಿಧಾನವಾಗಿ ಓದುತ್ತಾಳೆ, ತಮ್ಮ ಪಟ್ಟಿ ಅವಸರವಾಗಿ ಓಡುತ್ತದೆ. ಸೋಪು, ಪೇಸ್ಟು, ಸಿಮೆಂಟು ದಾಟಿ ನಾಲ್ಕಾರು ಸುತ್ತು ಬಂದ ಮೇಲೆ ವಾಕ್ಯ ಪೂರ್ತಿಯಾಯಿತು: ಪ್ರಸಾರ ವ್ಯಾಪ್ತಿ ಬದಲಾಗಿದೆ, ಕೆಲವು ದೇಶಗಳಲ್ಲಿ ಇನ್ನು ಮುಂದೆ ವಾಹಿನಿ ಲಭ್ಯವಿರುವುದಿಲ್ಲ, ವೀಕ್ಷಕರು ಸಹಕರಿಸಬೇಕು.

"ಎಷ್ಟು ದಿನದಿಂದ ಓಡ್ತಿದೆಯೇ ಇದು?"

"ಇದಾ? ಮರ ಕಡಿಯೋಕೆ ಮುಂಚೆಯೇ, ನಿನ್ ಟಿವಿ ನಿಂತ ದಿನದಿಂದ್ಲೇ ಓಡ್ತಿದೆ. ವಿದೇಶದೋರಿಗಲ್ವಾ, ನಂಗ್ಯಾಕೆ ಅಂತ ಓದ್ಲಿಲ್ಲ."

ಮಾನ್ಯರೇ, ಈಗ ಆ ಹುಬ್ಬನ್ನು ಪೂರ್ತಿ ಏರಿಸಿ. ಯಾರಿಗೆ ವಾಹಿನಿ ಕಾಣುವುದಿಲ್ಲವೋ ಅವರಿಗೆ ತಿಳಿಸಬೇಕಾದ ಸುದ್ದಿಯನ್ನು ತಾವು ಅದೇ ವಾಹಿನಿಯಲ್ಲಿ ಓಡಿಸಿದ್ದೀರಿ! ಇದನ್ನು ಯೋಚಿಸಿದ ಅಧಿಕಾರಿ ಯಾರು? ಅವರಿಗೆ ಬಡ್ತಿ ಕೊಟ್ಟಿರಾ? ಮುಳುಗುತ್ತಿರುವವನಿಗೆ, ಈಜಲು ಕಲಿಯುವ ವಿವರ ಕೊಳದ ತಳದಲ್ಲಿ ಅಂಟಿಸಲಾಗಿದೆ ಎಂದು ದಡದಿಂದ ಕೂಗುವ ಸಜ್ಜನರು ಬೇರೆಲ್ಲಿ ಸಿಗುತ್ತಾರೆ? ಹಳೆಯ ಉಪಗ್ರಹ ಮದುವೆಮನೆಯ ಚಪ್ಪರದ ದೀಪದ ಹಾಗಿತ್ತಂತೆ, ಕರೆದವರಿಗೂ ಕರೆಯದವರಿಗೂ ಬೆಳಕು ಬೀಳುತ್ತಿತ್ತು. ಹೊಸದು ಟಾರ್ಚು. ನೇರ ನಮ್ಮ ದೇಶದ ಮೇಲಷ್ಟೇ ಬಿಟ್ಟಿದ್ದೀರಿ. ಅದರ ಅಂಚು ನಮ್ಮ ಬಾಲ್ಕನಿಗೆ ಕೂದಲೆಳೆಯಷ್ಟು ಮೊದಲೇ ನಿಂತಿದೆ ಎಂದು ಬಲ್ಲವರು ಹೇಳುತ್ತಾರೆ. ನಾನು ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಕೂರಿಸಿದರೆ ಸಂಜೆಯೊಳಗೆ ಅದರ ಯಜಮಾನ ಬಂದು ಬಾಯಿ ತೆರೆದು ಎದುರಿಗೆ ನಿಲ್ಲುತ್ತಾನೆ. ತಾವು ಇಡೀ ಬೆಳಕನ್ನೇ ಸರಿಸಿದ್ದೀರಿ. ತಮ್ಮ ಎದುರಿಗೆ ಯಾರು ಬಂದು ಬಾಯಿ ತೆರೆದರು?

ಸಹಾಯವಾಣಿಗೆ ಫೋನು ಮಾಡಿದೆ. ಪಾಪ, ಸೌಮ್ಯವಾದ ಹುಡುಗಿ.

"ಸಾರ್, ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದಲ್ವಾ?"

"ಹಾಕ್ಕೊಂಡೆ ಅಮ್ಮ. ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಅಂತ ಬರ್ತಿದೆ."

"ಹಾಗಾದ್ರೆ ಸಾರ್, ಲಭ್ಯವಿರೋ ಪ್ರದೇಶಕ್ಕೆ ಬಂದು ಒಂದ್ಸಲ ಪ್ರಯತ್ನಿಸಿ."

ಎಷ್ಟು ಸರಳ! ಉಪಗ್ರಹಕ್ಕೆ ನಾವು ದೂರದವರು, ಆ್ಯಪಿಗೆ ಹೊರಗಿನವರು, ಮನೆಯ ಕರಾರಿಗೆ ಮಾತ್ರ ಒಳಗಿನವರು. ಬಣ್ಣದ ವಾಸನೆ ಕುಡಿಯುತ್ತ, ಏನೂ ಬಾರದ ಡಿಶ್ಶನ್ನು ನೋಡುತ್ತ, ಎಲ್ಲಿಗೂ ಹೋಗಲಾರದೆ ಈ ಬಾಲ್ಕನಿಗೆ ಅಂಟಿಕೊಂಡು ಕೂತಿದ್ದೇವೆ. ಡಿಶ್ಶಿನಲ್ಲಿ ಈಗ ಹೆಂಡತಿ ಬಟ್ಟೆಯ ಕ್ಲಿಪ್ಪುಗಳನ್ನು ಹಾಕಿಡುತ್ತಾಳೆ. ಅದಕ್ಕೆ ಒಳ್ಳೆಯ ಆಕಾರ.

ಹೋಗಲಿ, ನಮ್ಮ ದಾರಿ ನಾವೇ ನೋಡಿಕೊಳ್ಳೋಣವೆಂದು ನಾನೊಂದು ಉಪಾಯ ಮಾಡಿದೆ. ಚಿಕ್ಕಮ್ಮ ವಿಡಿಯೊ ಕರೆ ಮಾಡಿ ಫೋನನ್ನು ಟಿವಿಗೆ ಎದುರಾಗಿ ನಿಲ್ಲಿಸುವುದು. ಇಲ್ಲಿ ನಾನು ಆ ಚಿತ್ರವನ್ನು ನಮ್ಮ ದೊಡ್ಡ ಟಿವಿಗೆ ಹಾಕಿಕೊಡುವುದು. ಚಿಕ್ಕಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಧಾರಾವಾಹಿಯ ಹೆಸರು ಬರುವವರೆಗೆ ನಿಂತಿತ್ತು. ಆಮೇಲೆ ಮೆಲ್ಲಗೆ ಜಾರಿ ಅಂಗಾತ ಮಲಗಿತು. ಅಂದಿನಿಂದ ನಮಗೆ ಕಾಣುವುದು ಚಿಕ್ಕಮ್ಮನ ಮನೆಯ ಸೀಲಿಂಗ್ ಫ್ಯಾನು. ಕೇಳುವುದು ಅತ್ತೆ ಸೊಸೆ ಜಗಳ, ನೋಡುವುದು ಮೂರು ರೆಕ್ಕೆ. ಕೂಗಿ ಹೇಳೋಣವೆಂದರೆ ನಿಯಮ ಅಡ್ಡ. ಜಾಹೀರಾತಿನಲ್ಲಿ ಹೇಳಿದರೆ ಅವಳು ಎತ್ತಿ ನಿಲ್ಲಿಸುತ್ತಾಳೆ, ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಅದು ಮತ್ತೆ ಜಾರುತ್ತದೆ. ಒಂದು ದಿನ ಅಮ್ಮ, "ಫ್ಯಾನ್ ಮೇಲೆ ಎಷ್ಟು ಧೂಳೇ, ಒಂದು ಬಟ್ಟೆ ತಗೊಂಡು ಒರೆಸ್ಬಾರ್ದಾ?" ಎಂದುಬಿಟ್ಟಳು. ಅದಕ್ಕೆ ಉತ್ತರವಾಗಿ ಹೊಲಿಗೆ ಯಂತ್ರದ ಮಾತು ಬಂತು. ಎರಡು ದಿನ ಫ್ಯಾನೂ ಇರಲಿಲ್ಲ. ಆ ಎರಡು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ ಎಂಬುದನ್ನು ತಮ್ಮ ದಾಖಲೆಗೆ ಸೇರಿಸಿಕೊಳ್ಳಿ. ಮೂರನೆಯ ದಿನ ತಾನಾಗಿ ಫೋನು ಬಂತು. ಫ್ಯಾನು ಫಳಫಳ ಹೊಳೆಯುತ್ತಿತ್ತು.

ಇಷ್ಟಾದರೆ ನಾವು ಫ್ಯಾನು ನೋಡಿಕೊಂಡು ತಮ್ಮನ್ನು ಬಯ್ದುಕೊಂಡು ಇದ್ದುಬಿಡುತ್ತಿದ್ದೆವು. ಆದರೆ ಮರ ಹೋದ ಮೇಲೆ ಪೋಸ್ಟಿನವರ ಅಂಗಳದಿಂದ ನಮ್ಮ ನಡುಮನೆ ಟಿವಿ ಸಮೇತ ನೇರ ಕಾಣುತ್ತದೆ. ತಮ್ಮ ಮರ ಕೊಟ್ಟು ಬರಿಸಿದ ಚಿತ್ರ ಹೇಗಿದೆಯೋ ಎಂದು ಅವರು ನೋಡದೆ ಇರುತ್ತಾರೆಯೇ? ನೋಡಿದ್ದಾರೆ. ಮೊನ್ನೆ ಗೇಟಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

"ನಿಮ್ಮ ತಾಯಿ ದೊಡ್ಡ ಮನಸ್ಸಿನವರು. ನಂಗೆ ಬೇಜಾರಾಗ್ಬಾರ್ದು ಅಂತ ಬಂತು ಬಂತು ಅಂತಾರೆ. ನಾನು ದಿನಾ ನೋಡ್ತಿದ್ದೀನಪ್ಪ. ಪಾಪ, ಬರೀ ಫ್ಯಾನ್ ಬರ್ತಿದೆ. ಆ ಇನ್ನೊಂದು ಮರವೂ ಅಡ್ಡ ಇದೆ. ಅಳಿಯನಿಗೆ ರಜೆ ಸಿಕ್ಕಿದ ದಿನ ಏಣಿ ತರ್ತಾನೆ, ಅದನ್ನೂ ತೆಗೆದುಬಿಡ್ತೀವಿ."

ನಾನು ಗಾಬರಿಯಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಮರದ್ದು ಏನೂ ತಪ್ಪಿಲ್ಲ, ನಮ್ಮ ದೇಶದವರೇ ಉಪಗ್ರಹ ಬದಲಾಯಿಸಿದ್ದಾರೆ, ನಮಗೂ ತಿಳಿಸಿರಲಿಲ್ಲ ಎಂದೆ. ಅವರು ನನ್ನ ಹೆಗಲು ತಟ್ಟಿದರು. "ತಾಯಿಯ ಹಾಗೇ ಮಗ. ನನ್ನ ಮರ ಉಳಿಸೋಕೆ ಎಂಥ ಕಥೆ ಕಟ್ಟಿದೆಯಪ್ಪ! ಇಡೀ ಜೀವನ ಕಚೇರಿಯಲ್ಲಿ ಕಾಗದಕ್ಕೆ ಮೊಹರು ಹಾಕಿದವನು ನಾನು. ಅಷ್ಟು ಜನರ ಟಿವಿ ನಿಲ್ಸೋವಾಗ ಮುಂಚಿತವಾಗಿ ಒಂದು ಕಾಗದ ಕಳಿಸದೆ ಇರೋ ಕಚೇರಿ ಎಲ್ಲಾದ್ರೂ ಉಂಟಾ?"

ನಾನೇನು ಹೇಳಲಿ, ಮಾನ್ಯರೇ? ಉಂಟು, ನಮ್ಮಲ್ಲಿ ಉಂಟು ಎಂದು ಪರದೇಶದ ಒಬ್ಬ ಮುದುಕನ ಮುಂದೆ ತಮ್ಮ ಮಾನ ಕಳೆಯಬೇಕಿತ್ತೇ? ಕಳೆದೆ, ಮುಚ್ಚಿಡುವುದಿಲ್ಲ. ಅವರು ನಂಬಲಿಲ್ಲ. ತಮ್ಮ ಮೇಲೆ ತಮ್ಮ ದೇಶದವರಿಗೆ ಇಲ್ಲದ ನಂಬಿಕೆ ಅವರಿಗಿದೆ. ಆ ನಂಬಿಕೆಗೆ ಅವರು ತಮ್ಮ ಎರಡನೆಯ ಮರವನ್ನು ಕೊಡಲು ಸಿದ್ಧರಾಗಿದ್ದಾರೆ.

ಸಂಜೆ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮಾರನೆಯ ಮಧ್ಯಾಹ್ನ ಅವಳು ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಕೆಳಗೆ ಹೋಗಿ, ಪೋಸ್ಟಿನವರ ಗೇಟು ತೆರೆದು, ಎರಡನೆಯ ಮರಕ್ಕೆ ಬೆನ್ನು ಆನಿಸಿ ಕೂತಳು. ಫೋನು ಕೈಯಲ್ಲಿ, ಫ್ಯಾನು ಫೋನಿನಲ್ಲಿ. ಅವರಿಗೆ ಖುಷಿಯಾಯಿತು, ಅತಿಥಿ ಬಂದಿದ್ದಾರೆಂದು ಗೋಡೆಗೆ ನಿಲ್ಲಿಸಿದ್ದ ಬೆಂಚು ತಂದು ಪಕ್ಕದಲ್ಲಿ ಹಾಕಿಕೊಂಡರು. ಈಗ ದಿನಾ ಇಬ್ಬರೂ ಅಲ್ಲೇ. ಅವರು ಫೋನಿಗೆ ಬಗ್ಗಿ ಫ್ಯಾನು ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ತಲೆಯೆತ್ತಿ ಮರವನ್ನು ಕಣ್ಣಲ್ಲೇ ಅಳೆಯುತ್ತಾರೆ. ಅಮ್ಮ ಕೂಡಲೇ ಕಾಂಡದ ಮೇಲೆ ಕೈಯಿಟ್ಟು, "ಬೇಡ, ಬೇಡ" ಎನ್ನುತ್ತಾಳೆ. ಅದು ಅವರು ಕಲಿತ ಮೊದಲ ಕನ್ನಡ ಪದ. 'ದಯವಿಟ್ಟು' ಎಂದು ಅರ್ಥ ಮಾಡಿಕೊಂಡಿದ್ದಾರೆಂದು ನನ್ನ ಅನುಮಾನ.

"ಮೇಲೆ ಬನ್ನಿ ಅತ್ತೆ, ಬಿಸಿಲು" ಎಂದು ಹೆಂಡತಿ ಬಾಲ್ಕನಿಯಿಂದ ಕರೆದರೆ, "ನಾನು ಎದ್ರೆ ಗರಗಸ ಬರುತ್ತೆ ಕಣೇ, ನನ್ನ ತಟ್ಟೆ ಇಲ್ಲಿಗೇ ಕಳ್ಸು" ಎನ್ನುತ್ತಾಳೆ. ಅಳಿಯನಿಗೆ ರಜೆ ಯಾವಾಗ ಸಿಗುತ್ತದೋ ಗೊತ್ತಿಲ್ಲವಾದ್ದರಿಂದ ಅವಳಿಗೆ ರಜೆಯಿಲ್ಲ. ಸಮುದ್ರ ದಾಟಿ ಬಂದು ಅರ್ಧ ಗಂಟೆ ಧಾರಾವಾಹಿ ನೋಡಿಕೊಂಡಿದ್ದ ನನ್ನ ತಾಯಿಯನ್ನು ತಾವು ಮರ ಕಾಯುವ ಕೆಲಸಕ್ಕೆ ಹಚ್ಚಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ. ತಮ್ಮ ಟಾರ್ಚನ್ನು ಒಂದು ಕೂದಲೆಳೆಯಷ್ಟು ಈ ಕಡೆ ತಿರುಗಿಸಿ. ತಿರುಗಿಸಲು ಮೇಲಿನವರ ಅಪ್ಪಣೆ ಬೇಕು, ಮೇಲಿನವರಿಗೆ ಇನ್ನೂ ಮೇಲಿನವರದು ಬೇಕು, ಎಲ್ಲರಿಗಿಂತ ಮೇಲಿರುವ ಉಪಗ್ರಹಕ್ಕೆ ಯಾರ ಮಾತೂ ಕೇಳಿಸುವುದಿಲ್ಲ ಎನ್ನುವುದಾದರೆ, ಬಿಡಿ. ಒಂದು ಕಾಗದ ಕೊಡಿ. ಕ್ಷಮೆ ಕೇಳಬೇಡಿ, ತಮಗೆ ಅಭ್ಯಾಸವಿಲ್ಲ, ಉಳುಕೀತು. 'ಮರದ ತಪ್ಪೇನೂ ಇಲ್ಲ' ಎಂಬ ಒಂದು ಸಾಲು ಸಾಕು. ಭಾಷೆ ಯಾವುದಾದರೂ ಇರಲಿ, ಅವರು ಅಕ್ಷರ ಓದುವುದಿಲ್ಲ, ಮೊಹರು ಓದುತ್ತಾರೆ. ದುಂಡಗಿನದು, ಶಾಯಿ ಗಾಢವಾಗಿರಲಿ, ಅಂಚು ಎಲ್ಲೂ ಹಾರಿರಬಾರದು, ಈ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಅಂಚೆಯಲ್ಲೇ ಕಳಿಸಿ. ದಯವಿಟ್ಟು ವಾಹಿನಿಯ ಪಟ್ಟಿಯಲ್ಲಿ ಓಡಿಸಬೇಡಿ. ಚಿಕ್ಕಮ್ಮ "ಇರು, ಮತ್ತೆ ಬರುತ್ತೆ" ಎನ್ನುವಷ್ಟರಲ್ಲಿ ಏಣಿ ಬಂದಿರುತ್ತದೆ.

ಇಂತಿ,
ತಮ್ಮ ಬೆಳಕು ಮುಗಿದಲ್ಲಿಂದ ಕೂದಲೆಳೆಯಷ್ಟು ಆಚೆ ಸಿಕ್ಕಿಬಿದ್ದಿರುವ
ಹಲ್ಲು ಕಟ್ಟುವವನು
(ಕೆಳಗೆ ಮರಕ್ಕೆ ಒರಗಿ ಕೂತಿರುವ ತಾಯಿಯ ಪರವಾಗಿ. ಸಹಿಗೆ ಅವಳನ್ನು ಕರೆದೆ. ಏಳುವುದಿಲ್ಲ ಎಂದಳು.)